ಆರ್‌ಸಿ 390ಗೆ ಚುರುಕು ಎಲ್ಲಿಂದ: ಕೇಬಲ್, ಫಿಲ್ಟರ್, ಕ್ವಿಕ್ ಥ್ರಾಟಲ್, ಮ್ಯಾಪ್

‘ಥ್ರಾಟಲ್ ಕೊಟ್ಟರೆ ಗಾಡಿ ತಕ್ಷಣ ಎಳೆಯಲ್ಲ’ ಎಂಬ ಒಂದೇ ದೂರಿನ ಹಿಂದೆ ಮೂರು ಬೇರೆ ಬೇರೆ ಕಾಯಿಲೆ ಇರಬಹುದು. ಕೈ ತಿರುಗಿದರೂ, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯೊಳಗಿನ ಪ್ಲೇಟ್ ಅಲುಗದಿರುವುದು ಒಂದು. ಪ್ಲೇಟ್ ಪೂರ್ತಿ ತೆರೆಯಲು ಮಣಿಕಟ್ಟನ್ನು ಎರಡು ಸಲ ಹಿಡಿದು ತಿರುಗಿಸಬೇಕಾಗುವುದು ಇನ್ನೊಂದು. ಪ್ಲೇಟ್ ತೆರೆದು ಗಾಳಿ ನುಗ್ಗಿದರೂ ಆ ಕ್ಷಣಕ್ಕೆ ತಕ್ಕ ಪೆಟ್ರೋಲ್ ಬೀಳದಿರುವುದು ಮೂರನೆಯದು. ಅಂಗಡಿಯಲ್ಲಿ ಸಿಗುವ ಪಾರ್ಟ್‌ಗಳಲ್ಲಿ ಹೆಚ್ಚಿನವು ಇವುಗಳಲ್ಲಿ ಒಂದಕ್ಕೆ ಮಾತ್ರ ಮದ್ದು. ಮೂರನೆಯ ಕಾಯಿಲೆಗೆ ಎರಡನೆಯದರ ಮದ್ದು ಹಾಕಿದರೆ ಗಾಡಿ ಮೊದಲಿಗಿಂತ ಕೆಡುತ್ತದೆ.

ಹೋಲಿಕೆಗೆ ಇಟ್ಟುಕೊಂಡದ್ದು ಕೆಟಿಎಂ ಆರ್‌ಸಿ 390 ಬೈಕಿನ ಮೊದಲ ತಲೆಮಾರು. ಒಂದೇ ಸಿಲಿಂಡರ್, 89 ಮಿ.ಮೀ. ಬೋರ್, 60 ಮಿ.ಮೀ. ಸ್ಟ್ರೋಕ್, 373 ಸಿಸಿ, 46 ಮಿ.ಮೀ. ಥ್ರಾಟಲ್ ಬಾಡಿ. 2017ಕ್ಕೆ ಮುಂಚಿನ ಗಾಡಿಗಳಲ್ಲಿ ಥ್ರಾಟಲ್ ಕೇಬಲ್, 2017ರಿಂದ ರೈಡ್-ಬೈ-ವೈರ್, ಅಂದರೆ ಕೇಬಲ್ ಬದಲು ಸೆನ್ಸರ್ ಮತ್ತು ಮೋಟರ್. ಒಂದಕ್ಕೆ ಹೊಂದುವ ಕೆಲವು ಉಪಾಯ ಇನ್ನೊಂದಕ್ಕೆ ಹೊಂದವು.

ಪರೀಕ್ಷೆ ಹೀಗೆ: ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಮೂರನೇ ಗೇರ್‌ನಲ್ಲಿ 4000 ಆರ್‌ಪಿಎಂನಿಂದ ಥ್ರಾಟಲ್ ಕೊಡುವುದು, ಎರಡನೇ ಗೇರ್‌ನಲ್ಲಿ ಹಂಪ್ ದಾಟಿ, ಮುಚ್ಚಿದ್ದ ಥ್ರಾಟಲನ್ನು ತುಸುವೇ ತೆರೆಯುವುದು, ಟ್ರಾಫಿಕ್‌ನಲ್ಲಿ ಒಂದೇ ವೇಗದಲ್ಲಿ ತೆವಳುವುದು. ರಸ್ತೆ, ಪೆಟ್ರೋಲ್, ಟಯರ್ ಪ್ರೆಶರ್ ಬದಲಾಗಬಾರದು. ಒಮ್ಮೆಗೆ ಒಂದೇ ಪಾರ್ಟ್ ಬದಲಾಗಬೇಕು. ಫಿಲ್ಟರ್, ಸೈಲೆನ್ಸರ್, ಮ್ಯಾಪ್ (ಎಂಜಿನ್ ಕಂಪ್ಯೂಟರಿನ ಪೆಟ್ರೋಲ್ ಪಟ್ಟಿ) ಮೂರನ್ನೂ ಒಂದೇ ಭಾನುವಾರ ಹಾಕಿಸಿ ‘ಫಿಲ್ಟರ್ ಸೂಪರ್’ ಎನ್ನುವವರ ಮಾತನ್ನು ನಂಬಿ ದುಡ್ಡು ಹಾಕಬೇಡಿ. ಊರೂ ಬದಲಾಗಬಾರದು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ, ಅಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಶೇ. 8ರಿಂದ 10ರಷ್ಟು ತೆಳು. ಶಿರಾಡಿ ಇಳಿದ ಮೇಲೆ ಗಾಡಿ ಚೆನ್ನಾಗಿ ಎಳೆಯಿತು ಎಂದರೆ ಅದರ ಶ್ರೇಯ ಹೊಸ ಫಿಲ್ಟರಿನದಲ್ಲ.

ಮೊದಲು ಸ್ಟಾಕ್ (ಕಂಪನಿ ಕೊಟ್ಟ) ಗಾಡಿ ಸರಿ ಇರಲಿ

ಕೇಬಲ್ ಗಾಡಿಯಲ್ಲಿ ಅತಿ ಹೆಚ್ಚು ವ್ಯತ್ಯಾಸ ಕಾಣಿಸುವುದು ಖರ್ಚೇ ಇಲ್ಲದ ಕೆಲಸದಿಂದ. ಗ್ರಿಪ್‌ನ ಒಳ ಅಂಚಿಗೆ ಪೆನ್ನಿನಲ್ಲಿ ಒಂದು ಗೆರೆ ಹಾಕಿ, ಬಿಗಿತ ಸಿಗುವವರೆಗೆ ತಿರುಗಿಸಿ, ಗೆರೆ ಎಷ್ಟು ಸರಿಯಿತು ಎಂದು ಸ್ಕೇಲ್ ಇಟ್ಟು ನೋಡಿ. 3ರಿಂದ 5 ಮಿ.ಮೀ. ಪ್ಲೇ (ಸಡಿಲ) ಸಾಕು. ಓಡಿದ ಗಾಡಿಗಳಲ್ಲಿ ಇದು 8–10 ಮಿ.ಮೀ.ಗೆ ಹೋಗಿರುವುದು ಸಾಮಾನ್ಯ, ಆ ಸಡಿಲವನ್ನೇ ಜನ ‘ಎಂಜಿನ್ ಲ್ಯಾಗ್’ ಎನ್ನುತ್ತಾರೆ. ಲಾಕ್ ನಟ್ ಸಡಿಲಿಸಿ ಅಡ್ಜಸ್ಟರ್ ತಿರುಗಿಸಿ. ಎರಡು ಕೇಬಲ್ ಇರುವ ವ್ಯವಸ್ಥೆಯಲ್ಲಿ ಮುಚ್ಚುವ ಕೇಬಲನ್ನು ಮೊದಲು ಹೊಂದಿಸಿ, ಆಮೇಲೆ ತೆರೆಯುವ ಕೇಬಲಿನಿಂದ ಪ್ಲೇ ಕಡಿಮೆ ಮಾಡಿ. ಕೊನೆಗೆ ಗಾಡಿಯನ್ನು ಐಡಲ್‌ನಲ್ಲಿ ಬಿಟ್ಟು ಹ್ಯಾಂಡಲ್‌ಬಾರನ್ನು ಎಡ ತುದಿಯಿಂದ ಬಲ ತುದಿಗೆ ತಿರುಗಿಸಿ. ಆರ್‌ಪಿಎಂ ಏರಿದರೆ ಕೇಬಲ್ ಅತಿ ಬಿಗಿಯಾಗಿದೆ ಅಥವಾ ಎಲ್ಲೋ ಸಿಕ್ಕಿಕೊಂಡಿದೆ. ಹಾಗೇ ಓಡಿಸಿದರೆ ಯು-ಟರ್ನ್‌ನಲ್ಲಿ ಗಾಡಿ ತಾನಾಗಿ ರೇಸ್ ಆಗುತ್ತದೆ. ಪ್ಲೇಯನ್ನು ಸೊನ್ನೆ ಮಾಡುವ ಆಸೆ ಬೇಡ.

ಥ್ರಾಟಲ್ ಬಾಡಿಯ ಅಂಚಿನಲ್ಲಿ ಕೂತ ಕಪ್ಪು ಮಸಿ ಹೋದರೆ ಮೊದಲ ತುಸು ತೆರವು ನಯವಾಗುತ್ತದೆ. ಥ್ರಾಟಲ್ ಬಾಡಿ ಕ್ಲೀನರನ್ನು ಬಟ್ಟೆಗೆ ಹಾಕಿ ಒರೆಸಿ; ಖಡಕ್ ಕಾರ್ಬ್ ಕ್ಲೀನರನ್ನು ನೇರವಾಗಿ ಹೊಡೆದರೆ ಪ್ಲೇಟಿನ ಕೋಟಿಂಗ್ ಮತ್ತು ಸೀಲ್ ಹಾಳು. ಬಣ್ಣದ ಗುರುತು ಹಾಕಿದ ಸ್ಟಾಪ್ ಸ್ಕ್ರೂ ಮುಟ್ಟಲೇಬೇಡಿ. ಅದು ಐಡಲ್ ಸ್ಕ್ರೂ ಅಲ್ಲ, ಅದನ್ನು ಕದಲಿಸಿದರೆ ಸೆನ್ಸರಿನ ಸೊನ್ನೆಯೇ ತಪ್ಪುತ್ತದೆ. ರೈಡ್-ಬೈ-ವೈರ್ ಗಾಡಿಯಲ್ಲಿ ಪ್ಲೇಟನ್ನು ಬೆರಳಿನಿಂದ ಒತ್ತಿ ತೆರೆಯಬಾರದು, ಒಳಗೆ ಮೋಟರ್ ಮತ್ತು ಗೇರ್ ಇವೆ. ಅಲ್ಲೇ ಇರುವಾಗ ಥ್ರಾಟಲ್ ಬಾಡಿ ಮತ್ತು ಸಿಲಿಂಡರ್ ಹೆಡ್ ನಡುವಿನ ರಬ್ಬರನ್ನೂ ಬಗ್ಗಿಸಿ ನೋಡಿ. ಬಿರುಕು ಬಿಟ್ಟಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗಿ ಐಡಲ್ ಏರಿಳಿಯುತ್ತದೆ.

ಚೈನ್ ಲೂಸ್, ಹಿಂದಿನ ಹಬ್‌ನೊಳಗೆ ಎಳೆತದ ಏಟು ತಾಳುವ ಕುಶ್ ರಬ್ಬರಿನ ಸವೆತ ಇವೆರಡೂ ಥ್ರಾಟಲ್ ದೋಷದ ವೇಷ ಹಾಕುತ್ತವೆ. ಗೇರ್‌ನಲ್ಲಿ ಇಟ್ಟು ಹಿಂದಿನ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಅಲ್ಲಾಡಿಸಿದರೆ ಸ್ಪ್ರಾಕೆಟ್ ಎಷ್ಟು ಸಡಿಲ ಎಂದು ಕಾಣುತ್ತದೆ. ಹಂಪ್ ಮೇಲಿನ ‘ಟಕ್’ ಅಲ್ಲಿಂದ ಬರುತ್ತಿದ್ದರೆ ಯಾವ ಮ್ಯಾಪ್ ಹಾಕಿದರೂ ಹೋಗದು.

ಫಿಲ್ಟರ್: ಪೇಪರ್, ಕಾಟನ್, ಪಾಡ್

ಈ ಎಂಜಿನ್ 9500 ಆರ್‌ಪಿಎಂನಲ್ಲಿ ನಿಮಿಷಕ್ಕೆ 4750 ಸಲ ಗಾಳಿ ಎಳೆಯುತ್ತದೆ, ಅಂದರೆ ಸುಮಾರು 1770 ಲೀಟರ್. 4000ದಲ್ಲಿ ಅದು 750 ಲೀಟರಿಗೂ ಕಡಿಮೆ. ಹೆಚ್ಚು ಗಾಳಿ ಬಿಡುವ ಫಿಲ್ಟರಿಗೆ ಏನಾದರೂ ಕೆಲಸವಿದ್ದರೆ ಅದು ಮೇಲಿನ ತುದಿಯಲ್ಲಿ. ನಾವು ಚುರುಕು ಹುಡುಕುವ 3000–5000ದಲ್ಲಿ ಸ್ವಚ್ಛ ಪೇಪರ್ ಫಿಲ್ಟರ್ ಯಾವ ಅಡ್ಡಿಯನ್ನೂ ಮಾಡುವುದಿಲ್ಲ. ಕೆ&ಎನ್, ಬಿಎಂಸಿ, ಡಿಎನ್‌ಎ ತರಹದ ಎಣ್ಣೆ ಹಾಕಿದ ಕಾಟನ್ ಫಿಲ್ಟರನ್ನು ಸ್ಟಾಕ್ ಏರ್ ಬಾಕ್ಸಿನೊಳಗೆ ಇಟ್ಟಾಗ ಬದಲಾದದ್ದು ಮುಖ್ಯವಾಗಿ ಸದ್ದು: ಒಳ ಉಸಿರಿನ ಗರ್ಜನೆ ಜೋರಾಗುತ್ತದೆ, ಕಿವಿ ಅದನ್ನೇ ಪಿಕಪ್ ಎಂದುಕೊಳ್ಳುತ್ತದೆ. ಹಳೆಯ, ಧೂಳು ತುಂಬಿದ ಪೇಪರ್ ಫಿಲ್ಟರ್ ತೆಗೆದು ಹೊಸ ಕಾಟನ್ ಹಾಕಿದವರಿಗೆ ವ್ಯತ್ಯಾಸ ಖಂಡಿತ ಗೊತ್ತಾಗುತ್ತದೆ. ಹೊಸ ಪೇಪರ್ ಹಾಕಿದ್ದರೂ ಗೊತ್ತಾಗುತ್ತಿತ್ತು.

ಕಾಟನ್ನಿನ ನಿಜವಾದ ಲಾಭ ತೊಳೆದು ಮತ್ತೆ ಬಳಸಬಹುದು ಎಂಬುದು. ಆದರೆ ತೊಳೆಯುವುದರಲ್ಲೇ ಹಾಳಾಗುವುದು ಹೆಚ್ಚು. ಕ್ಲೀನರ್ ಹಾಕಿ ನೆನೆಸಿ, ಒಳಬದಿಯಿಂದ ಹೊರಬದಿಗೆ ನಿಧಾನ ನೀರು ಬಿಡಿ. ನೆರಳಲ್ಲಿ ಒಣಗಿಸಿ, ಕಂಪ್ರೆಸರ್ ಗಾಳಿ ಹೊಡೆದರೆ ನೂಲು ಬಿಟ್ಟು ಕಣ್ಣಿಗೆ ಕಾಣದ ತೂತಾಗುತ್ತದೆ. ಒಂದೊಂದು ಮಡಿಕೆಗೆ ಒಂದೇ ಎಳೆ ಎಣ್ಣೆ, ಇಪ್ಪತ್ತು ನಿಮಿಷ ಬಿಟ್ಟು ಬಿಳಿ ಉಳಿದ ಕಡೆ ಮಾತ್ರ ಮತ್ತೆ. ಹೆಚ್ಚಾದರೆ ಎಣ್ಣೆ ಥ್ರಾಟಲ್ ಬಾಡಿಗೆ ಇಳಿದು ಮಸಿ ಕಟ್ಟುತ್ತದೆ, ಕಡಿಮೆಯಾದರೆ ಧೂಳು ದಾಟುತ್ತದೆ. ಅಂಚಿನ ರಬ್ಬರಿಗೆ ತೆಳುವಾಗಿ ಗ್ರೀಸ್ ಸವರಿ ಕೂರಿಸಿ. ಸ್ವಲ್ಪ ಓಡಿಸಿದ ಮೇಲೆ ಬಾಕ್ಸ್ ತೆರೆದು ಫಿಲ್ಟರ್ ದಾಟಿದ ಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಯಲ್ಲಿ ಮರಳಿನ ಕಣ ಸಿಕ್ಕರೆ ಫಿಲ್ಟರ್ ಸರಿಯಾಗಿ ಕೂತಿಲ್ಲ. ಆ ಕಣಗಳು ಸವೆಸುವುದು ಪಿಸ್ಟನ್ ರಿಂಗನ್ನು.

ಬಾಕ್ಸ್ ಕಿತ್ತು ಥ್ರಾಟಲ್ ಬಾಡಿಗೇ ನೇರ ಕೂರುವ ಪಾಡ್ ಫಿಲ್ಟರ್ ಹಾಕುವುದು ಈ ಎಲ್ಲ ಆಯ್ಕೆಗಳಲ್ಲಿ ಕಡೆಯದು. ಒಂಟಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಗಬಕ್ಕನೆ ಗಾಳಿ ಎಳೆಯುತ್ತದೆ. ಆ ಎಳೆತಕ್ಕೆ ದಾಸ್ತಾನು ಇರುವುದು ಬಾಕ್ಸಿನಲ್ಲಿ. ಅದು ಹೋದರೆ ಮಧ್ಯದ ಆರ್‌ಪಿಎಂನಲ್ಲಿ ಟಾರ್ಕ್ ಕುಗ್ಗುತ್ತದೆ, ಟ್ರಾಫಿಕ್‌ನಲ್ಲಿ ಎಂಜಿನ್ನಿನ ಬಿಸಿ ಗಾಳಿಯೇ ಒಳಗೆ ಹೋಗುತ್ತದೆ, ಆಗುಂಬೆಯ ಮಳೆಯಲ್ಲಿ ಫಿಲ್ಟರ್ ನೆನೆದು ಉಸಿರು ಕಟ್ಟುತ್ತದೆ. ಬಾಕ್ಸ್ ಮುಚ್ಚಳಕ್ಕೆ ತೂತು ಕೊರೆಯುವುದೂ ಇದರ ತಮ್ಮನೇ. ಟ್ರ್ಯಾಕ್‌ನಲ್ಲಿ ಸದಾ 7000ದ ಮೇಲೆ ಓಡಿಸಿ, ಅದಕ್ಕೆಂದೇ ಮ್ಯಾಪ್ ಮಾಡಿಸಿದವರಿಗೆ ಬಿಟ್ಟು ಬೇರೆಯವರಿಗೆ ಇದು ಬೇಡ.

ಕ್ವಿಕ್ ಥ್ರಾಟಲ್

ಕೇಬಲ್ ಸುತ್ತಿಕೊಳ್ಳುವ ಡ್ರಮ್ ದೊಡ್ಡದಾದ, ಗ್ರಿಪ್ ಒಳಗಿನ ಥ್ರಾಟಲ್ ಟ್ಯೂಬನ್ನು ಹೀಗೆ ಕರೆಯುತ್ತಾರೆ. ಲೆಕ್ಕ ಸುಲಭ. ಪ್ಲೇಟ್ ಪೂರ್ತಿ ತೆರೆಯಲು 28 ಮಿ.ಮೀ. ಕೇಬಲ್ ಎಳೆಯಬೇಕು ಎಂದಿಟ್ಟುಕೊಳ್ಳಿ. ಡ್ರಮ್ಮಿನ ತ್ರಿಜ್ಯ 20 ಮಿ.ಮೀ. ಇದ್ದರೆ ಮಣಿಕಟ್ಟು 80 ಡಿಗ್ರಿ ತಿರುಗಬೇಕು, 23 ಮಿ.ಮೀ. ಇದ್ದರೆ 70 ಡಿಗ್ರಿ ಸಾಕು. ಕೈಗೆ ಬೀಳುವ ಭಾರ ಶೇ. 15 ಹೆಚ್ಚುತ್ತದೆ. ಟ್ರ್ಯಾಕ್‌ನಲ್ಲಿ ಮೈ ಮುಂದಕ್ಕೆ ಬಗ್ಗಿಸಿ ಕೂತಾಗ ಮಣಿಕಟ್ಟು ಮಡಚದೆ ಫುಲ್ ಥ್ರಾಟಲ್ ಸಿಗುವುದು ದೊಡ್ಡ ಅನುಕೂಲ, ಅದನ್ನು ಅಲ್ಲಗಳೆಯಲಾಗದು.

ರಸ್ತೆಯಲ್ಲಿ ಇದೇ ತಿರುಗುಬಾಣ. 373 ಸಿಸಿಗೆ 46 ಮಿ.ಮೀ. ಥ್ರಾಟಲ್ ಬಾಡಿ ದೊಡ್ಡದೇ. 4000 ಆರ್‌ಪಿಎಂನಲ್ಲಿ ಪ್ಲೇಟ್ ಅರ್ಧ ತಿರುಗುವಷ್ಟರಲ್ಲಿ ಎಂಜಿನ್ನಿಗೆ ಬೇಕಾದ ಗಾಳಿ ಹೆಚ್ಚುಕಡಿಮೆ ಪೂರ್ತಿ ಸಿಕ್ಕಿರುತ್ತದೆ, ಉಳಿದರ್ಧ ಅಲ್ಲಿ ಲೆಕ್ಕಕ್ಕಿಲ್ಲ. ಅಂದರೆ ನಗರದ ಓಡಾಟವೆಲ್ಲ ಮಣಿಕಟ್ಟಿನ ಮೊದಲ ಕೆಲವು ಡಿಗ್ರಿಯಲ್ಲೇ ನಡೆಯುತ್ತದೆ. ಆ ಡಿಗ್ರಿಗಳನ್ನು ಇನ್ನೂ ಕಡಿಮೆ ಮಾಡಿದರೆ ಸ್ಟಾಕ್‌ನಲ್ಲೇ ಇದ್ದ ಜರ್ಕ್ ಇಮ್ಮಡಿಯಾಗುತ್ತದೆ. ಮಳೆಯಲ್ಲಿ, ಕಲ್ಲುಪುಡಿ ಬಿದ್ದ ಘಾಟಿ ತಿರುವಿನಲ್ಲಿ ಇದು ಬರೀ ಕಿರಿಕಿರಿಯಲ್ಲ. ಡ್ರಮ್ ದುಂಡಗಿರದೆ ಶುರುವಿನಲ್ಲಿ ಚಿಕ್ಕ ತ್ರಿಜ್ಯ, ಆಮೇಲೆ ದೊಡ್ಡದಾಗುವ ಟ್ಯೂಬ್ ಸಿಕ್ಕರೆ ಅದನ್ನೇ ಆರಿಸಿ: ಮೊದಲ ಭಾಗ ನಿಧಾನ, ಒಟ್ಟು ತಿರುವು ಕಡಿಮೆ. ಮೋಷನ್ ಪ್ರೋ ಕಂಪನಿಯ ರೆವ್2 ಟ್ಯೂಬಿನಲ್ಲಿ ಕ್ಯಾಮ್ (ಆ ಡ್ರಮ್) ಬದಲಿಸಿ ಹಾಕಬಹುದು, ಆದರೆ ಕೇಬಲ್ ತುದಿ ಮತ್ತು ಸ್ವಿಚ್‌ಗೇರ್ ಹೊಂದುತ್ತವೆಯೇ ಎಂದು ಮೊದಲೇ ಅಳೆಯಬೇಕು.

ಟ್ಯೂಬ್ ಕೂರಿಸುವಾಗ ಬಾರ್-ಎಂಡ್ ಮತ್ತು ಗ್ರಿಪ್ ನಡುವೆ 1 ಮಿ.ಮೀ. ಸಂದು ಬಿಡಿ. ಉಜ್ಜಿದರೆ ಥ್ರಾಟಲ್ ತಾನಾಗಿ ಮುಚ್ಚದು. ಎಂಜಿನ್ ಆಫ್ ಇರುವಾಗ ಪೂರ್ತಿ ತಿರುಗಿಸಿ ಕೈ ಬಿಟ್ಟರೆ ‘ಟಪ್’ ಎಂದು ಮರಳಬೇಕು, ಹ್ಯಾಂಡಲ್‌ಬಾರ್ ಎಡಕ್ಕಿದ್ದಾಗಲೂ ಬಲಕ್ಕಿದ್ದಾಗಲೂ. ಭಾರ ಕಡಿಮೆಯಾಗಲಿ ಎಂದು ರಿಟರ್ನ್ ಸ್ಪ್ರಿಂಗ್ ಸಡಿಲಿಸುವ ಮೆಕ್ಯಾನಿಕ್‌ಗಳಿದ್ದಾರೆ; ಅಂಥವರ ಕೈಗೆ ಗಾಡಿ ಕೊಡಬೇಡಿ.

ರೈಡ್-ಬೈ-ವೈರ್ ಗಾಡಿಗೆ ಇದರ ಬದಲು ಬರುವುದು ಥ್ರಾಟಲ್ ಬೂಸ್ಟರ್ ಎಂಬ ಪುಟ್ಟ ಡಬ್ಬಿ. ಅದು ಗ್ರಿಪ್ ಸೆನ್ಸರಿನ ಸಿಗ್ನಲ್ಲನ್ನು ಹಿಗ್ಗಿಸಿ ಇಸಿಯುಗೆ (ಎಂಜಿನ್ನಿನ ಕಂಪ್ಯೂಟರಿಗೆ) ಕೊಡುತ್ತದೆ: ನೀವು ಶೇ. 20 ಕೊಟ್ಟರೆ 35 ಎಂದು ಹೇಳುತ್ತದೆ. ಫುಲ್ ಥ್ರಾಟಲ್‌ನಲ್ಲಿ ಏನೂ ಬದಲಾಗದು. ಶಕ್ತಿ ಅಷ್ಟೇ, ಮುಂಚೆ ಬರುತ್ತದೆ. ಗ್ರಿಪ್ ಸೆನ್ಸರ್ ಎರಡು ಸಿಗ್ನಲ್ ಕಳಿಸುತ್ತದೆ, ಇಸಿಯು ಅವೆರಡನ್ನೂ ತಾಳೆ ನೋಡುತ್ತದೆ. ಕನೆಕ್ಟರಿಗೆ ನೀರು ಹೋಗಿ ತಾಳೆ ತಪ್ಪಿದರೆ ಎಚ್ಚರಿಕೆ ದೀಪ ಹತ್ತಿ ಗಾಡಿ ಬಲ ಕಳೆದುಕೊಳ್ಳುತ್ತದೆ. ಮಳೆನಾಡಿನವರಿಗೆ ಈ ಡಬ್ಬಿಯ ಸಹವಾಸ ಬೇಡ ಎಂಬುದೇ ನಮ್ಮ ಅಭಿಪ್ರಾಯ.

ಪೆಟ್ರೋಲಿನ ಲೆಕ್ಕ

ಕೇಬಲ್, ಚೈನ್ ಎಲ್ಲ ಸರಿ ಇದ್ದೂ ಉಳಿಯುವ ಜರ್ಕ್ ಮಿಶ್ರಣದ್ದು. ತುಸು ಥ್ರಾಟಲ್‌ನಲ್ಲಿ ಇಸಿಯು ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಗಾಳಿ–ಪೆಟ್ರೋಲ್ ಅನುಪಾತವನ್ನು 14.7ರ (ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ) ಆಸುಪಾಸಿನಲ್ಲಿ ಹಿಡಿಯುತ್ತದೆ. ಹೊಗೆ ನಿಯಮಕ್ಕೆ ಅದು ಬೇಕು. ದೊಡ್ಡ ಒಂಟಿ ಪಿಸ್ಟನ್ನಿಗೆ 13.5ರ ಹತ್ತಿರ, ಅಂದರೆ ಪೆಟ್ರೋಲ್ ತುಸು ಜಾಸ್ತಿ ಇದ್ದರೆ, ಹೆಚ್ಚು ಹಿತ. ದಿಢೀರನೆ ಥ್ರಾಟಲ್ ತೆರೆದಾಗ ಇನ್ನೊಂದು ತೊಡಕು: ಸಿಂಪಡಿಸಿದ ಪೆಟ್ರೋಲಿನ ಒಂದು ಪಾಲು ಪೋರ್ಟಿನ ಗೋಡೆಗೆ ಅಂಟಿಕೊಳ್ಳುತ್ತದೆ, ಗಾಳಿ ಮಾತ್ರ ಮೊದಲು ತಲುಪುತ್ತದೆ. ಆ ಅರೆಕ್ಷಣದ ತಡವರಿಕೆಯೇ ಮೂರನೇ ಕಾಯಿಲೆ.

ಇಲ್ಲಿ ಮೂರು ದಾರಿ. ಆಕ್ಸಿಜನ್ ಸೆನ್ಸರಿನ ಜಾಗಕ್ಕೆ ಚುಚ್ಚುವ ಬರೀ ರೆಸಿಸ್ಟರ್ ಅಗ್ಗ, ಆದರೆ ಅದು ಮಿಶ್ರಣ ತಿದ್ದುವುದಿಲ್ಲ. ಇಸಿಯು ಸೆನ್ಸರನ್ನು ಬಿಟ್ಟು ತನ್ನ ಮೂಲ ಮ್ಯಾಪಿನಲ್ಲಿ ಓಡುವಂತೆ ಮಾಡುತ್ತದೆ, ಅಷ್ಟೇ. ಎರಡನೆಯದು ಫ್ಯುಯೆಲ್‌ಎಕ್ಸ್, ಪವರ್‌ಟ್ರಾನಿಕ್ ತರಹದ ಪಿಗ್ಗಿಬ್ಯಾಕ್, ಅಂದರೆ ಇಸಿಯುವಿನ ಸಿಗ್ನಲ್ ತಿದ್ದುವ ಡಬ್ಬಿ. ಇವೆರಡೂ ಬೆಂಗಳೂರಿನ ರೇಸ್ ಡೈನಮಿಕ್ಸ್‌ನವು. ಫ್ಯುಯೆಲ್‌ಎಕ್ಸ್ ಪೆಟ್ರೋಲ್ ಮಾತ್ರ ತಿದ್ದುತ್ತದೆ, ಪವರ್‌ಟ್ರಾನಿಕ್ ಇಗ್ನಿಷನ್ ಟೈಮಿಂಗನ್ನೂ (ಕಿಡಿ ಹಾರುವ ಹೊತ್ತು). ಹಂಪ್ ಪರೀಕ್ಷೆಯಲ್ಲೂ ತೆವಳುವ ಪರೀಕ್ಷೆಯಲ್ಲೂ ಸ್ಪಷ್ಟ ವ್ಯತ್ಯಾಸ ಕೊಟ್ಟದ್ದು ಈ ವರ್ಗ ಒಂದೇ. ನಗರದ ಸವಾರನಿಗೆ ಪೆಟ್ರೋಲ್ ತಿದ್ದುವ ಚಿಕ್ಕದೇ ಸಾಕು. ಟೈಮಿಂಗ್ ಮುಂದೆ ತಂದ ಮ್ಯಾಪನ್ನು ಕಡಿಮೆ ಆಕ್ಟೇನಿನ ಪೆಟ್ರೋಲ್ ಹಾಕಿ ಬೇಸಿಗೆಯಲ್ಲಿ ಘಾಟಿ ಹತ್ತಿಸಿದರೆ ನಾಕಿಂಗ್ (ಮಿಶ್ರಣ ಹೊತ್ತುತಪ್ಪಿ ಸಿಡಿಯುವುದು) ಶುರುವಾಗಬಹುದು. ಡಬ್ಬಿಯ ಅರ್ಥ್ ವೈರನ್ನು ಬಣ್ಣ ಬಳಿದ ಫ್ರೇಮಿಗಲ್ಲ, ನೇರ ಬ್ಯಾಟರಿ ನೆಗೆಟಿವ್‌ಗೆ ಕೊಡಿ. ವೈರಿಂಗನ್ನು ಇಗ್ನಿಷನ್ ಕಾಯಿಲಿನಿಂದ ದೂರ ಕಟ್ಟಿ. ಗಾಡಿ ಎಲ್ಲೋ ಒಮ್ಮೊಮ್ಮೆ ಮಿಸ್ ಹೊಡೆಯುವುದಕ್ಕೆ ಈ ಎರಡೇ ಕಾರಣ ಸಾಮಾನ್ಯ.

ಮೂರನೆಯದು ಇಸಿಯು ಫ್ಲ್ಯಾಷ್, ಅಂದರೆ ಇಸಿಯುವಿನೊಳಗಿನ ಸಾಫ್ಟ್‌ವೇರನ್ನೇ ತಿದ್ದುವುದು. ರೈಡ್-ಬೈ-ವೈರ್ ಗಾಡಿಯಲ್ಲಿ ಪ್ಲೇಟ್ ಯಾವಾಗ ಎಷ್ಟು ತೆರೆಯಬೇಕು ಎಂಬ ಪಟ್ಟಿಯನ್ನೇ ತಿದ್ದಲು ಇದೊಂದೇ ದಾರಿ, ಮಾಡುವವನಿಗೆ ಕೆಲಸ ಗೊತ್ತಿದ್ದರೆ ಎಲ್ಲಕ್ಕಿಂತ ನಯ. ಮಿಶ್ರಣ ನೋಡುವ ವೈಡ್‌ಬ್ಯಾಂಡ್ ಸೆನ್ಸರ್ ಇಟ್ಟು ಡೈನೊ (ಎಂಜಿನ್ ಬಲ ಅಳೆಯುವ ಯಂತ್ರ) ಮೇಲೆ ಅಳೆಯದೆ ಲ್ಯಾಪ್‌ಟಾಪ್‌ನಿಂದ ಸಿದ್ಧ ಫೈಲ್ ತುಂಬುವವರಿಗೆ ದುಡ್ಡು ಕೊಡಬೇಡಿ. ಮೂಲ ಫೈಲಿನ ಪ್ರತಿ ಕೇಳಿ ಇಟ್ಟುಕೊಳ್ಳಿ. ಸರ್ವಿಸ್‌ನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಆದರೆ ಫ್ಲ್ಯಾಷ್ ಅಳಿಸಿಹೋಗುತ್ತದೆ. ಮೂರೂ ದಾರಿಯಲ್ಲಿ ವಾರಂಟಿಗೆ ತಕರಾರು ಬರುತ್ತದೆ, ಮೈಲೇಜ್ ಇಳಿಯುತ್ತದೆ, ರಿಚ್ (ಪೆಟ್ರೋಲಿನ ಪಾಲು) ಹೆಚ್ಚಾದರೆ ಪಿಯುಸಿ ಫೇಲಾಗುತ್ತದೆ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ತಡೆಯುತ್ತದೆ ಎಂಬುದೂ ನೆನಪಿರಲಿ.

ಹೀಗಾಗಿ ಕೇಬಲ್ ಗಾಡಿ, ನಗರದ ಓಡಾಟ ಎಂದರೆ: ಪ್ಲೇ, ಚೈನ್, ಹೊಸ ಪೇಪರ್ ಫಿಲ್ಟರ್, ಆಮೇಲೂ ಜರ್ಕ್ ಉಳಿದರೆ ಪೆಟ್ರೋಲ್ ತಿದ್ದುವ ಡಬ್ಬಿ. ಟ್ರ್ಯಾಕ್ ಎಂದರೆ ಮ್ಯಾಪ್ ಮೊದಲು, ಟ್ಯೂಬ್ ಆಮೇಲೆ; ಕಾಟನ್ ಫಿಲ್ಟರ್ ಮ್ಯಾಪಿನ ಜೊತೆಗೆ. ರೈಡ್-ಬೈ-ವೈರ್‌ಗೆ ಫ್ಲ್ಯಾಷ್, ಇಲ್ಲವೇ ಸ್ಟಾಕ್.

‘ಎಳೆತ ಬೇಕು’ ಅಷ್ಟೇ ಎನ್ನುವವರು ಥ್ರಾಟಲ್ ಬಿಟ್ಟು ಮುಂದಿನ ಸ್ಪ್ರಾಕೆಟ್ ನೋಡಲಿ. ಸ್ಟಾಕ್ 15/45 (ಮುಂದೆ 15, ಹಿಂದೆ 45 ಹಲ್ಲು). ಮುಂದೆ 14 ಹಲ್ಲಿನದು ಹಾಕಿದರೆ ಎಲ್ಲ ಗೇರ್‌ನಲ್ಲೂ ಚಕ್ರಕ್ಕೆ ಶೇ. 7 ಹೆಚ್ಚು ಟಾರ್ಕ್; ಯಾವ ಫಿಲ್ಟರೂ ಇಷ್ಟು ಕೊಡದು. ಹೈವೇಯಲ್ಲಿ ಅದೇ ವೇಗಕ್ಕೆ ಆರ್‌ಪಿಎಂ ಅಷ್ಟೇ ಏರುತ್ತದೆ, ಕೈಗೆ ವೈಬ್ರೇಶನ್ ಬರುತ್ತದೆ, ಮಿಶ್ರಣದ ಜರ್ಕ್ ಇದ್ದರೆ ಅದೂ ಎದ್ದು ಕಾಣುತ್ತದೆ. ಚೈನ್ ಸವೆದು ಉದ್ದವಾಗಿದ್ದರೆ ಅಡ್ಜಸ್ಟರಿನಲ್ಲಿ ಹಿಂದಕ್ಕೆ ಸರಿಸಲು ಜಾಗ ಉಳಿದಿದೆಯೇ ನೋಡಿಕೊಂಡೇ ಸ್ಪ್ರಾಕೆಟ್ ತನ್ನಿ. ಇಲ್ಲದಿದ್ದರೆ ಚೈನ್ ಸೆಟ್ಟನ್ನೇ ಬದಲಿಸಬೇಕಾಗುತ್ತದೆ.