ಒಂದೇ ಸಬ್‌ವೂಫರ್, ಎರಡು ಬಾಕ್ಸ್: ಗುಮ್ಕಿ ಕೇಳಿಸಿದ್ದು ಯಾವುದರಲ್ಲಿ?

ಕಾರಿಗೆ ಸಬ್‌ವೂಫರ್ (ತೀರ ಕೆಳಗಿನ ನಾದಕ್ಕೆಂದೇ ಇರುವ ಸ್ಪೀಕರ್) ಬೇಕು ಅಂದರೆ ಅಂಗಡಿಯವರು ಮೊದಲು ಕೇಳುವುದು ಎಷ್ಟು ವ್ಯಾಟ್ ಅಂತ. ನನಗೆ ಬೇಕಿದ್ದದ್ದು ಮೃದಂಗದ ಗುಮ್ಕಿ. ರವೆ ಹಚ್ಚಿದ ಎಡಮುಖದ ಮೇಲೆ ಅಂಗೈ ಬುಡವನ್ನು ಒತ್ತಿ ಜಾರಿಸಿದಾಗ ‘ಗುಂ’ ಅನ್ನುವ ನಾದ ಮೇಲಕ್ಕೆ ಬಾಗುತ್ತದಲ್ಲ, ಅದು. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡರೆ ಆ ಬಾಗು ಚೆನ್ನಾಗಿ ಕೇಳುತ್ತದೆ. ಕಾರಿನ ಡೋರ್ ಸ್ಪೀಕರಿನಲ್ಲಿ ಪೆಟ್ಟು ಮಾತ್ರ ಉಳಿಯುತ್ತಿತ್ತು.

ನನ್ನದು 2018ರ ಸ್ವಿಫ್ಟ್, ಡಿಕ್ಕಿ 268 ಲೀಟರ್. ಜಾಗ ಉಳಿಯಲಿ ಎಂದು ಮೊದಲು ಸೀಟಿನಡಿ ಕೂರುವ 8 ಇಂಚಿನ ಚಪ್ಪಟೆ ಸಬ್ ಹಾಕಿಸಿದೆ. ಸ್ಪೀಕರಿಗೆ ಪವರ್ ಕೊಡುವ ಆಂಪ್ ಅದರೊಳಗೇ ಇರುವುದರಿಂದ ವೈರಿಂಗ್ ಸುಲಭ, ಡಿಕ್ಕಿಯೂ ಖಾಲಿ. ಡೋರ್ ಸ್ಪೀಕರಿಗೆ ಒಳ್ಳೆಯ ಆಸರೆ ಕೊಟ್ಟಿತು. ಆದರೆ ತೀರ ಕೆಳಗಿನ ನಾದಕ್ಕೆ ಬೇಕಾದಷ್ಟು ಗಾಳಿ ತಳ್ಳುವ ಶಕ್ತಿ ಅಷ್ಟು ತೆಳ್ಳಗಿನ ಡ್ರೈವರಿಗೆ, ಅಂದರೆ ಬಾಕ್ಸಿನಲ್ಲಿ ಕೂರುವ ಸ್ಪೀಕರಿಗೆ, ಇರುವುದಿಲ್ಲ. ವಾಲ್ಯೂಮ್ ಏರಿಸಿದರೆ ತೊಡೆಗೆ ನಡುಕ ತಟ್ಟುತ್ತದೆ, ನಾದ ಎಲ್ಲಿಂದ ಬರುತ್ತಿದೆ ಅನ್ನುವುದು ಗೊತ್ತಾಗಿಬಿಡುತ್ತದೆ. ಡಿಕ್ಕಿ ಬಿಟ್ಟುಕೊಡಲು ಆಗದವರಿಗೆ ಇದೇ ಸರಿ.

ಆಮೇಲೆ 10 ಇಂಚಿನ ಡ್ರೈವರ್ ಒಂದನ್ನು ಕೊಂಡು, ಅದಕ್ಕೇ ಎರಡು ಬಾಕ್ಸ್ ಮಾಡಿಸಿದೆ, ಎರಡೂ 18 ಮಿ.ಮೀ. ಎಂಡಿಎಫ್ ಹಲಗೆಯಲ್ಲಿ. ಡ್ರೈವರ್, ಆಂಪ್ ಎರಡನ್ನೂ ಬದಲಿಸದೆ ಬಾಕ್ಸ್ ಮಾತ್ರ ಬದಲಿಸಿದರೆ ತಾನೇ ಯಾವುದರ ಗುಣ ಏನು ಅಂತ ತಿಳಿಯುವುದು?

ಮೊದಲನೆಯದು ಪೋರ್ಟೆಡ್, ಅಂದರೆ ಗಾಳಿ ಆಡಲು ಪೈಪಿನ ಬಾಯಿ (ಪೋರ್ಟ್) ಇರುವ ಬಾಕ್ಸ್. ಒಳಗೆ 45 ಲೀಟರ್, 33 ಹರ್ಟ್ಸ್‌ಗೆ ಟ್ಯೂನ್, ಅಂದರೆ ಆ ನಾದಕ್ಕೆ ಪೈಪಿನ ಗಾಳಿ ಮೊಳಗುವಂತೆ. ಪೋರ್ಟಿಗೆ 3 ಇಂಚಿನ ಪಿವಿಸಿ ಪೈಪ್ ಹಾಕಿಸಿದ್ದು ತಪ್ಪಾಯಿತು. ಜೋರಾಗಿ ಹಾಕಿದಾಗ ಪೈಪಿನ ಬಾಯಿಂದ ‘ಫುಸ್ ಫುಸ್’ ಅಂತ ಗಾಳಿಯ ಸದ್ದು. 4 ಇಂಚಿಗೆ ಬದಲಿಸಿದರೆ ಅದೇ ಟ್ಯೂನಿಂಗಿಗೆ ಪೈಪಿನ ಉದ್ದ 21 ಸೆಂ.ಮೀ.ನಿಂದ ಸುಮಾರು 41 ಸೆಂ.ಮೀ.ಗೆ ಹೋಗುತ್ತದೆ. ನೇರ ಕೂರದೆ ಒಳಗೆ ಎಲ್ಬೋ ಕೊಡಿಸಬೇಕಾಯಿತು. ಸದ್ದು ನಿಂತಿತು, ಹೊರಗಿನ ಅಳತೆಯಲ್ಲಿ ಬಾಕ್ಸ್ ಡಿಕ್ಕಿಯ ಐದನೇ ಒಂದು ಭಾಗಕ್ಕೂ ಹೆಚ್ಚು ನುಂಗಿತು.

ಅಷ್ಟೇ ಪವರಿಗೆ ಅದು ಕೊಡುವ ಜೋರು ಮಾತ್ರ ನಿಜಕ್ಕೂ ದೊಡ್ಡದು. ಡೊಳ್ಳಿನ ರೆಕಾರ್ಡಿಂಗ್ ಹಾಕಿದರೆ ಎದೆಗೇ ಬಡಿಯುತ್ತಿತ್ತು. ಆದರೆ ಬೇಸ್ ಗಿಟಾರಿನ ದಪ್ಪ ತಂತಿಯ ಸ್ವರ, ಅಂದರೆ 41 ಹರ್ಟ್ಸ್, ಬಂದಾಗಲೆಲ್ಲ ಕಾರು ತುಂಬಿ ಉಬ್ಬುತ್ತಿತ್ತು. ಮೇಲಿನ ಸ್ವರಕ್ಕೆ ಹೋದರೆ ಸಪ್ಪೆ. ಗುಮ್ಕಿಯ ಬಾಲಕ್ಕೂ ಒಂದು ಗುಂಯ್‌ಗುಡುವಿಕೆ ಅಂಟಿಕೊಂಡು ಬಾಗು ಮಸುಕಾಗುತ್ತಿತ್ತು. ಇನ್ನೊಂದು ಮಾತು: ಟ್ಯೂನಿಂಗಿಗಿಂತ ಕೆಳಗೆ ಕೋನ್‌ಗೆ (ಡ್ರೈವರಿನ ಅಲುಗಾಡುವ ಭಾಗಕ್ಕೆ) ಗಾಳಿಯ ಹಿಡಿತವೇ ಇರುವುದಿಲ್ಲ, ಹುಚ್ಚಾಪಟ್ಟೆ ಓಲಾಡುತ್ತದೆ. ಆಂಪ್‌ನಲ್ಲಿ ಆ ಕೆಳದನಿಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಇಲ್ಲದೆ ಪೋರ್ಟೆಡ್ ಹಾಕಿಸಲೇಬೇಡಿ.

ಎರಡನೆಯದು ಸೀಲ್ಡ್, ಅಂದರೆ ಗಾಳಿಯಾಡದಂತೆ ಪೂರ್ತಿ ಮುಚ್ಚಿದ ಬಾಕ್ಸ್, 20 ಲೀಟರ್. ಕೂರಿಸಿದ ದಿನ ನನಗೆ ಬೇಸರವೇ ಆಯಿತು. ಸದ್ದು ಕಡಿಮೆ, ಜೊತೆಗೆ ಎಲ್ಲೋ ಸಣ್ಣ ಸೀಟಿ. ಸೀಲ್ಡ್ ಬಾಕ್ಸಿನ ಕೋನನ್ನು ಎರಡೂ ಕೈಯಿಂದ ಮೆಲ್ಲಗೆ ಒತ್ತಿ ಬಿಟ್ಟರೆ ಅದು ನಿಧಾನವಾಗಿ ಮೇಲೆ ಬರಬೇಕು. ನನ್ನದು ಪಟ್ಟನೆ ಬಂತು, ಎಲ್ಲೋ ಗಾಳಿ ಸೋರುತ್ತಿದೆ ಅಂತ ಅರ್ಥ. ಊದುಬತ್ತಿ ಹಚ್ಚಿ, ಕೆಳದನಿಯ ಟೋನ್ ಒಂದನ್ನು ಹಾಕಿ, ಜೋಡಣೆಯ ಉದ್ದಕ್ಕೂ ಹಿಡಿದುಕೊಂಡು ಹೋದೆ. ನೆಟ್ಟಗೆ ಏಳುತ್ತಿದ್ದ ಹೊಗೆ ಹಿಂದಿನ ಮೂಲೆಯಲ್ಲಿ ನಡುಗಿತು. ಉಗುರು ತೂರದಷ್ಟು ಸಂದು! ಒಳಗಿನಿಂದ ಸಿಲಿಕೋನ್ ಬಳಿದು ಒಂದು ದಿನ ಒಣಗಲು ಬಿಟ್ಟೆ.

ಮಾರನೆಯ ದಿನ ಗೇಟಿನೆದುರು ಕಾರು ನಿಲ್ಲಿಸಿಕೊಂಡೇ ಮೃದಂಗದ ತನಿ ಆವರ್ತನ (ಕಛೇರಿಯಲ್ಲಿ ತಾಳವಾದ್ಯವಷ್ಟೇ ನುಡಿಯುವ ಭಾಗ) ಹಾಕಿದೆ. ಗುಮ್ಕಿ ಬಂತು. ಹುಟ್ಟಿ, ಬಾಗಿ, ನಿಂತಿತು. ಮುಂದಿನ ಪೆಟ್ಟಿಗೆ ಮೊದಲು ಸಣ್ಣ ಮೌನ ಕೂಡ ಕೇಳಿಸಿತು. ಒಂದು ಗಂಟೆ ಸೀಟಿನಿಂದ ಏಳಲಿಲ್ಲ.

ಇದಕ್ಕೆ ಕಾರಣವೂ ಕಾರಿನಲ್ಲೇ ಇದೆ. ಸೀಲ್ಡ್ ಬಾಕ್ಸಿನ ಸದ್ದು ಕೆಳಕ್ಕೆ ಹೋದಂತೆ ಪ್ರತಿ ಆಕ್ಟೇವಿಗೆ (ಹರ್ಟ್ಸ್ ಅರ್ಧವಾದಾಗಲೆಲ್ಲ) 12 ಡೆಸಿಬಲ್‌ನಂತೆ ಇಳಿಯುತ್ತದೆ, ಪೋರ್ಟೆಡ್‌ನದು 24ರಂತೆ. ಕಿಟಕಿ ಮುಚ್ಚಿದ ಪುಟ್ಟ ಕಾರಾದರೋ ಕೆಳದನಿಗಳನ್ನು ತಾನೇ ಎತ್ತಿಕೊಡುತ್ತದೆ. ಸೀಲ್ಡ್‌ನ ಇಳಿತವೂ ಕಾರಿನ ಎತ್ತುವಿಕೆಯೂ ಒಂದಕ್ಕೊಂದು ಹೆಚ್ಚುಕಡಿಮೆ ಸರಿದೂಗುತ್ತವೆ. ಪೋರ್ಟೆಡ್ ಆದರೆ 35–45 ಹರ್ಟ್ಸ್‌ನಲ್ಲಿ ಮೊದಲೇ ಇರುವ ಜೋರಿನ ಮೇಲೆ ಕಾರಿನದೂ ಸೇರುತ್ತದೆ. ಡಿಕ್ಕಿ ಬೇರೆಯೇ ಆಗಿರುವ ಸೆಡಾನ್‌ನಲ್ಲಿ ಲೆಕ್ಕ ಬದಲಾಗುತ್ತದೆ, ಅಲ್ಲಿ ಹಿಂದಿನ ಸೀಟು ಮಡಚಿ ಕೇಳದೆ ತೀರ್ಮಾನಿಸಬೇಡಿ.

ಸೀಲ್ಡ್‌ಗೆ ಪವರ್ ಹೆಚ್ಚು ಬೇಕು, ಒಪ್ಪುತ್ತೇನೆ. ಜೋರೇ ಮುಖ್ಯ ಅನ್ನುವವರಿಗೆ ಅದು ಸಾಲದು. ನನ್ನ ತಮ್ಮ ಆ ಪೋರ್ಟೆಡ್ ಬಾಕ್ಸನ್ನು ಖುಷಿಯಿಂದ ಒಯ್ದು ತನ್ನ ಗಾಡಿಗೆ ಹಾಕಿಕೊಂಡ.

ನನ್ನ ಕಾರಿನಲ್ಲಿ ಈಗ ಲೋ-ಪಾಸ್ (ಮೇಲಿನ ನಾದ ಸಬ್‌ಗೆ ಹೋಗದಂತೆ ತಡೆಯುವ ಫಿಲ್ಟರ್) 80 ಹರ್ಟ್ಸ್‌ಗೆ ಇದೆ, ಬೇಸ್ ಬೂಸ್ಟ್ ಸೊನ್ನೆ. ಸಬ್‌ನ ಅಲೆಯನ್ನು ಡೋರ್ ಸ್ಪೀಕರಿನದಕ್ಕೆ ಹೊಂದಿಸುವ ಫೇಸ್ ಸ್ವಿಚ್ಚಿಗೆ ಮಾತ್ರ ಇಬ್ಬರು ಬೇಕು: ಡ್ರೈವರ್ ಸೀಟಿನಲ್ಲಿ ನೀವು ಕೂತಿರಿ, ಹಿಂದೆ ಇನ್ನೊಬ್ಬರು 0 ಮತ್ತು 180 ಡಿಗ್ರಿಯ ನಡುವೆ ಬದಲಿಸಲಿ. ಯಾವುದರಲ್ಲಿ ಮೃದಂಗ ಡಿಕ್ಕಿಯಿಂದ ಎದ್ದು ಡ್ಯಾಶ್‌ಬೋರ್ಡಿನ ಮೇಲೆ, ಗಾಯಕರ ಪಕ್ಕದಲ್ಲಿ ಬಂದು ಕೂರುತ್ತದೋ ಅಲ್ಲಿಗೆ ಬಿಡಿ.