ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ತರಕಾರಿ ಅಂಗಡಿಗಳು: ದಾವಣಗೆರೆಯಿಂದ ಹೋಗುವವರಿಗಾಗಿ

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿ ಕೆಲವು ತಿಂಗಳು ಇದ್ದು ಬರುವ ತಂದೆತಾಯಿಯರು ಈಗ ದಾವಣಗೆರೆಯ ವಿದ್ಯಾನಗರದಲ್ಲಿ, ಎಂ.ಸಿ.ಸಿ. ಬ್ಲಾಕಿನಲ್ಲಿ ಬೀದಿಗೊಬ್ಬರಾದರೂ ಸಿಗುತ್ತಾರೆ. ಹೊರಡುವ ಮುಂಚೆ ಅವರು ವಿಚಾರಿಸುವುದರಲ್ಲಿ ಸೊಪ್ಪು, ಕಾಯಿಪಲ್ಲೆಯ ಮಾತು ಬಂದೇ ಬರುತ್ತದೆ. ಮಗಳ ಮನೆ ಸ್ಯಾನ್ ಫ್ರಾನ್ಸಿಸ್ಕೋದ ರಿಚ್ಮಂಡ್ ಬಡಾವಣೆಯಲ್ಲಿರುವುದರಿಂದ, ಅಲ್ಲಿನ ಕ್ಲೆಮೆಂಟ್ ಬೀದಿಯ ಚೀನೀ ತರಕಾರಿ ಅಂಗಡಿಗಳಲ್ಲಿ ಅಡುಗೆಗೆ ಬೇಕಾದ್ದನ್ನು ಆರಿಸಿ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ದಿನದಿನದ ಸೊಪ್ಪು ಮತ್ತು ಎಳೆಕಾಯಿಗಳಿಗೆ ನಮ್ಮವರು ಮೊದಲು ಹೋಗಬೇಕಾದದ್ದು ಈ ಅಂಗಡಿಗಳಿಗೆ, ದೊಡ್ಡ ಸೂಪರ್ ಮಾರ್ಕೆಟ್ಟಿಗಾಗಲಿ, ಇಂಡಿಯನ್ ಸ್ಟೋರಿಗಾಗಲಿ ಆಮೇಲೆ ಹೋದರೆ ಸಾಕು.

ಏಷ್ಯಾದವರಿಗೆ ಬಾಗಿಲು ತೆರೆದ ಅಮೆರಿಕದ 1965ರ ವಲಸೆ ಕಾನೂನಿನ ನಂತರ ಚೀನೀ ಕುಟುಂಬಗಳು ಹಳೆಯ ಚೈನಾಟೌನಿನಿಂದಾಚೆಗೂ ಹರಡಿಕೊಂಡು ರಿಚ್ಮಂಡ್ ಮತ್ತು ಸನ್‌ಸೆಟ್ ಬಡಾವಣೆಗಳಲ್ಲಿ ಹೆಚ್ಚಾಗಿ ನೆಲೆಸಿದವು; ಹೀಗಾಗಿ ಇಂಥ ಅಂಗಡಿಗಳು ಚೈನಾಟೌನಿನ ಸ್ಟಾಕ್ಟನ್ ಬೀದಿಯಲ್ಲಿ ಮಾತ್ರವಲ್ಲದೆ ಕ್ಲೆಮೆಂಟ್ ಮತ್ತು ಅರ್ವಿಂಗ್ ಬೀದಿಗಳಲ್ಲೂ ಸಾಲಾಗಿ ಸಿಗುತ್ತವೆ. ಗಿಯರಿ ರಸ್ತೆಯ 38ನೇ ನಂಬರಿನ ಬಸ್ಸಿನಲ್ಲಿ ಇಳಿದರೆ ಕ್ಲೆಮೆಂಟ್ ಒಂದೇ ಬೀದಿಯ ದೂರ.

ಅಂಗಡಿಗಳ ಅಂದಚಂದದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ರಟ್ಟಿನ ಪೆಟ್ಟಿಗೆಗಳನ್ನು ಹಾಗೆಯೇ ಬಾಯಿ ತೆರೆದು ಫುಟ್‌ಪಾತಿನ ಮೇಲೆ ಓರೆಯಾಗಿ ಇಟ್ಟಿರುತ್ತಾರೆ, ದರವನ್ನು ದಪ್ಪ ಪೆನ್ನಿನಲ್ಲಿ ಬರೆದು ಸಿಕ್ಕಿಸಿರುತ್ತಾರೆ, ಕೈಗಾಡಿ ಎಳೆದುಕೊಂಡು ಬಂದ ಚೀನೀ ಅಜ್ಜಿಯರು ಒಂದೊಂದೇ ಕಾಯಿಯನ್ನು ಒತ್ತಿ, ಹೊರಳಿಸಿ, ಬೇಡವಾದದ್ದನ್ನು ಬದಿಗೆ ಸರಿಸಿ ಆರಿಸುತ್ತಿರುತ್ತಾರೆ. ನಮ್ಮ ಕೆ.ಆರ್. ಮಾರ್ಕೆಟ್ಟಿನಲ್ಲಿ ಪಳಗಿದವರಿಗೆ ಇಲ್ಲಿ ಹೊಸದಾಗಿ ಕಲಿಯಬೇಕಾದದ್ದು ಕಡಿಮೆ. ಚೌಕಾಸಿ ಮಾತ್ರ ನಡೆಯುವುದಿಲ್ಲ. ಕ್ಯಾಷಿಯರ್ ಮುಂದಿನ ಎಲೆಕ್ಟ್ರಾನಿಕ್ ತಕ್ಕಡಿ ಹೇಳಿದಷ್ಟೇ ಲೆಕ್ಕವಾದ್ದರಿಂದ, "ಇನ್ನೊಂದು ಹಿಡಿ ಹಾಕವ್ವ" ಎಂದು ಕೊಸರು ಕೇಳುವ ಅವಕಾಶವೂ ಇಲ್ಲ.

ದರ ಕಡಿಮೆ ಇರುವುದನ್ನು ಕಂಡು ಮಾಲು ಎರಡನೆಯ ದರ್ಜೆಯದೆಂದು ಶಂಕಿಸುವವರಿದ್ದಾರೆ. ಅದು ಅರ್ಧ ಮಾತ್ರ ನಿಜ. ನಗರದ ಬೇವ್ಯೂ ಭಾಗದಲ್ಲಿ ರಾತ್ರಿಯೇ ವಹಿವಾಟು ನಡೆಸುವ ಸಗಟು ಮಾರುಕಟ್ಟೆಯೊಂದಿದೆ. ಸಣ್ಣ ಅಂಗಡಿಯವನಿಗೆ ದೊಡ್ಡ ಶೀತಲ ಕೋಣೆ ಇಲ್ಲದಿರುವುದರಿಂದ ಅವನು ಅಲ್ಲಿಂದ ಅಂದಂದಿಗೆ ಖರ್ಚಾಗುವಷ್ಟನ್ನೇ ತರಿಸುತ್ತಾನೆ, ಮಾಗಿ ಮಾರಾಟಕ್ಕೆ ಬಂದದ್ದನ್ನು ಅಗ್ಗಕ್ಕೆ ಹಿಡಿಯುತ್ತಾನೆ, ಒಂದೇ ಅಳತೆಯ ಕಾಯಿ ಬೇಕೆಂದು ಹಠ ಮಾಡುವುದಿಲ್ಲ, ಪ್ಲಾಸ್ಟಿಕ್ ಹೊದಿಕೆಗೂ ಬಣ್ಣದ ಚೀಟಿಗೂ ದುಡ್ಡು ಸುರಿಯುವುದಿಲ್ಲ. ಹಾಗಾಗಿ ಮಾಲು ಹೊಸದು, ಆದರೆ ಅದರ ಆಯುಷ್ಯ ಚಿಕ್ಕದು. ವಾರಕ್ಕೊಮ್ಮೆ ಕಾರಿನ ಡಿಕ್ಕಿ ತುಂಬ ತಂದು ಫ್ರಿಜ್ಜಿಗೆ ತುರುಕುವ ಅಲ್ಲಿನ ಪದ್ಧತಿಗೆ ಇದು ಒಗ್ಗುವುದಿಲ್ಲ. ಸಂಜೆ ಚೀಲ ಹಿಡಿದು ಹೋಗಿ ನಾಳೆಯ ಅಡುಗೆಗೆ ಬೇಕಾದಷ್ಟೇ ತರುವ ನಮ್ಮ ಹಿರಿಯರ ಅಭ್ಯಾಸಕ್ಕೆ ಸರಿಯಾಗಿ ಹೊಂದುತ್ತದೆ.

ಸೊಪ್ಪಿನ ವಿಷಯದಲ್ಲಿ ಈ ಅಂಗಡಿಗಳನ್ನು ಮೀರಿಸುವವರಿಲ್ಲ. ಕೆಂಪು ಚುಕ್ಕೆಯ ದಂಟಿನ ಸೊಪ್ಪು ಬೇಸಿಗೆಯಲ್ಲಿ ಸಿಕ್ಕರೆ ಬಿಡಬಾರದು. ಅದು ನಮ್ಮದೇ ಸೊಪ್ಪು, ಅದೇ ರುಚಿ. ಬಾಕ್ ಚಾಯ್ ಮತ್ತು ಚಾಯ್ ಸಮ್ ಎಂಬ ಚೀನೀ ಸೊಪ್ಪುಗಳೆರಡೂ ಸಾಸಿವೆಯ ಬಳಗದ ಟರ್ನಿಪ್ ಗಡ್ಡೆಯ ಜಾತಿಯವಾದ್ದರಿಂದ ತುಸು ಸಾಸಿವೆಯ ಘಾಟು ಇರುತ್ತದೆ, ತೊಗರಿಬೇಳೆಯೊಡನೆ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ರೊಟ್ಟಿಗೆ ಒಳ್ಳೆಯ ಜೊತೆ. ಬಾಕ್ ಚಾಯ್ ಬಹಳ ನೀರು ಬಿಡುವುದರಿಂದ ಪಲ್ಯಕ್ಕೆ ಉಪ್ಪನ್ನು ಇಳಿಸುವ ಹೊತ್ತಿಗೆ ಹಾಕಬೇಕು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಗೈ ಲಾನ್. ಇದು ಎಲೆಕೋಸಿನ ಸಂಬಂಧಿ. ದಪ್ಪ ಕಾಂಡ, ನೀಲಿ ಬೆರೆತ ಹಸಿರು ಎಲೆ, ತುದಿಯಲ್ಲಿ ಬಿಳಿ ಹೂವಿನ ಮೊಗ್ಗು. ಕೊಳ್ಳುವಾಗ ಎಲೆಯನ್ನು ನೋಡಿದರೆ ಸಾಲದು, ಕಾಂಡದ ಕತ್ತರಿಸಿದ ತುದಿಯನ್ನು ತಿರುಗಿಸಿ ನೋಡಬೇಕು: ಅದು ತೇವವಾಗಿ, ತಿಳಿಹಸಿರಾಗಿದ್ದರೆ ಎಳೆಯದು, ನಡುವೆ ಬಿಳಿಯ ಬೆಂಡು ಕಂಡರೆ ಅಥವಾ ಸೀಳು ಬಿಟ್ಟಿದ್ದರೆ ನಾರು ಕಟ್ಟಿದೆ ಎಂದರ್ಥ. ಮೊಗ್ಗು ಮುಚ್ಚಿರಬೇಕು, ಒಂದೆರಡು ಹೂ ಬಿರಿದಿದ್ದರೆ ಅಡ್ಡಿಯಿಲ್ಲ. ಕಾಂಡವನ್ನು ಸಣ್ಣಗೆ ಹೆಚ್ಚಿ ಹುರಿದ ಶೇಂಗಾಪುಡಿಯೊಡನೆ ಪಲ್ಯ ಮಾಡಿದರೆ, ಅದು ಪರದೇಶದ ಸೊಪ್ಪೆಂದು ಉಣ್ಣುವವರಿಗೆ ಗೊತ್ತಾಗುವುದಿಲ್ಲ.

ಕಾಯಿಗಳಲ್ಲಿ ಹೀರೇಕಾಯಿ, ಅಲಸಂದೆಕಾಯಿ, ಸೋರೆಕಾಯಿ, ಸೀಮೆಬದನೆ, ಕೆಸುವಿನ ಗಡ್ಡೆ ಎಲ್ಲವೂ ಅಲ್ಲಿವೆ. ಕ್ಯಾಲಿಫೋರ್ನಿಯಾದ ಫ್ರೆಸ್ನೋ ಸುತ್ತಮುತ್ತ, ಲಾವೋಸಿನಿಂದ ನಿರಾಶ್ರಿತರಾಗಿ ಬಂದ ಮೋಂಗ್ ಜನಾಂಗದ ರೈತರು ಅಲಸಂದೆ, ಹಾಗಲದಂಥ ಏಷ್ಯಾದ ತರಕಾರಿಗಳನ್ನು ಬೆಳೆಯುತ್ತಾರೆ. ಬೇಸಿಗೆಯಲ್ಲಿ ಈ ಕಾಯಿಗಳು ಚೆನ್ನಾಗಿರುವುದಕ್ಕೆ ಹತ್ತಿರದಲ್ಲೇ ಬೆಳೆಯುವುದೂ ಒಂದು ಕಾರಣ. ಬೂದುಗುಂಬಳವನ್ನು ಹೋಳು ಮಾಡಿ ತೂಕಕ್ಕೆ ಮಾರುವುದು ಬಹಳ ಅನುಕೂಲ. ಇಬ್ಬರು ಮೂವರಿರುವ ಮನೆಯ ಮಜ್ಜಿಗೆಹುಳಿಗೆ ಇಡೀ ಕಾಯಿ ಹೊತ್ತು ತರಬೇಕಾಗಿಲ್ಲ. ಹಾಗಲಕಾಯಿ ಮಾತ್ರ ಬೇರೆ ಬಗೆಯದು: ತಿಳಿಹಸಿರು, ಮೈಮೇಲೆ ಮುಳ್ಳಿನ ಬದಲು ಅಗಲವಾದ ನುಣುಪು ಏಣು, ಕಹಿ ಕಡಿಮೆ, ನೀರು ಹೆಚ್ಚು. ಗೊಜ್ಜಿಗೆ ಆಗುತ್ತದೆ; ಗರಿಗರಿಯಾಗಿ ಹುರಿಯುವುದಕ್ಕೆ ಆಗದು. ಉದ್ದನೆಯ ತೆಳು ಬದನೆಯೂ ಹಾಗೆಯೇ, ವಾಂಗಿಬಾತಿಗೆ ಹೇಳಿಮಾಡಿಸಿದ್ದು, ಆದರೆ ಎಣ್ಣೆಗಾಯಿಗೆ ಬೇಕಾದ ಗುಂಡು ಬದನೆಯನ್ನು ಇಂಡಿಯನ್ ಸ್ಟೋರಿನಲ್ಲೇ ಹುಡುಕಬೇಕು. ಮೂಲಂಗಿ ಮೊಣಕೈ ಉದ್ದ ಇರುತ್ತದೆ, ಘಾಟು ಕಡಿಮೆ. ಸೊಪ್ಪನ್ನು ಸಾಮಾನ್ಯವಾಗಿ ಕತ್ತರಿಸಿ ಬಿಸಾಡಿರುವುದು ನಮ್ಮಂಥವರಿಗೆ ಹೊಟ್ಟೆ ಉರಿಯುವ ಸಂಗತಿ.

ಹಣ್ಣುಗಳ ಬಗ್ಗೆ ಎರಡು ಮಾತು ಸಾಕು. ಮೆಕ್ಸಿಕೋದಿಂದ ಬರುವ ಹಲಸನ್ನು ತುಂಡು ಮಾಡಿ ಮಾರುತ್ತಾರೆ, ದರ ಹೆಚ್ಚು, ತೊಳೆ ಸಪ್ಪೆ. ಶರತ್ಕಾಲದಲ್ಲಿ ಬರುವ ಪರ್ಸಿಮನ್ ಹಣ್ಣಿನಲ್ಲಿ ಚಪ್ಪಟೆಯ ಫುಯು ಜಾತಿಯನ್ನು ಗಟ್ಟಿಯಿರುವಾಗಲೇ ತಿನ್ನಬಹುದು. ಚೂಪು ತುದಿಯ ಹಚಿಯಾ ಪೂರ್ತಿ ಮೆತ್ತಗಾಗುವವರೆಗೆ ಬಾಯಿಗಿಡಬೇಡಿ, ನಾಲಿಗೆ ಒಗರು ಹಿಡಿಯುತ್ತದೆ.

ದೋಷಗಳೂ ಇವೆ. ಹಲವು ಅಂಗಡಿಗಳ ಹಿಂಭಾಗದಲ್ಲಿ ಜೀವಂತ ಮೀನಿನ ತೊಟ್ಟಿ, ಮಾಂಸದ ಕಟ್ಟೆ ಇರುತ್ತವೆ. ನಮ್ಮೂರಿನ ಸಸ್ಯಾಹಾರಿ ಮನೆತನದವರಿಗೆ ಆ ವಾಸನೆ ಸಹಿಸುವುದು ಕಷ್ಟ. ಅಂಥವರು ತರಕಾರಿ, ಹಣ್ಣು ಮಾತ್ರ ಇಡುವ ಅಂಗಡಿಯನ್ನು ಕೇಳಿ ಹೋಗುವುದು ಒಳಿತು, ಅವು ಅದೇ ಸಾಲಿನಲ್ಲಿ ಸಿಗುತ್ತವೆ. ಕೆಲವು ಫಲಕಗಳು ಚೀನೀ ಲಿಪಿಯಲ್ಲೇ ಇರುತ್ತವೆ, ಕೇಳಿದರೆ ವಿವರಿಸುವಷ್ಟು ಪುರುಸೊತ್ತು ಅಂಗಡಿಯವರಿಗಿರುವುದಿಲ್ಲ, ಅದನ್ನು ಒರಟುತನವೆಂದು ಭಾವಿಸಬೇಕಾಗಿಲ್ಲ. ಸಣ್ಣ ಅಂಗಡಿಗಳಲ್ಲಿ ನಗದು ಮಾತ್ರ ತೆಗೆದುಕೊಳ್ಳುವವರೂ ಇದ್ದಾರೆ. ದಾವಣಗೆರೆಯ ತಳ್ಳುಗಾಡಿಯಲ್ಲೂ ಫೋನ್‌ಪೇ ಮಾಡಿ ರೂಢಿಯಾದವರು ಕಿಸೆಯಲ್ಲಿ ಒಂದಿಷ್ಟು ಚಿಲ್ಲರೆ ಡಾಲರ್ ಇಟ್ಟುಕೊಳ್ಳಬೇಕು. ಕೈಚೀಲವನ್ನೂ ಮರೆಯಬಾರದು: 2007ರಲ್ಲೇ ದೊಡ್ಡ ಅಂಗಡಿಗಳ ಪ್ಲಾಸ್ಟಿಕ್ ಚೀಲವನ್ನು ನಿಷೇಧಿಸಿದ ನಗರ ಅದು, ಈಗ ಬಿಲ್ ಮಾಡುವಲ್ಲಿ ಕೊಡುವ ಚೀಲಕ್ಕೆ 25 ಸೆಂಟ್ ಹಿಡಿಯುತ್ತಾರೆ. ದರವೆಲ್ಲ ಪೌಂಡ್ ತೂಕದ ಲೆಕ್ಕದಲ್ಲಿರುವುದರಿಂದ 2.2ರಿಂದ ಗುಣಿಸಿದರೆ ಕಿಲೋ ದರ ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ತರಕಾರಿಗೆ ಮಾರಾಟ ತೆರಿಗೆ ಇಲ್ಲದ ಕಾರಣ ಫಲಕದ ದರವೇ ಕೊನೆಯ ದರ.

ಕರಿಬೇವು, ಮೆಂತ್ಯ ಸೊಪ್ಪಿಗೆ ಇಂಡಿಯನ್ ಸ್ಟೋರೇ ಗತಿ. ಊರಿನಿಂದ ಕರಿಬೇವು ಕಟ್ಟಿಕೊಂಡು ಹೋಗುವ ಯೋಚನೆ ಬಿಟ್ಟುಬಿಡಿ. ನಿಂಬೆ ಜಾತಿಯ ಗಿಡಗಳಿಗೆ ರೋಗ ತಗುಲೀತೆಂದು ಅಮೆರಿಕದ ವಿಮಾನ ನಿಲ್ದಾಣದಲ್ಲಿ ಅದನ್ನು ತೆಗೆಸಿಬಿಡುತ್ತಾರೆ.

ಇನ್ನು ಸಂಜೆ ಹೊತ್ತಿಗೆ ಕೆಲವು ಅಂಗಡಿಗಳವರು ಬಾಡತೊಡಗಿದ ಮಾಲನ್ನು ಚೀಲದಲ್ಲಿ ಕಟ್ಟಿ ಕಡಿಮೆ ದರಕ್ಕೆ ಬಾಗಿಲ ಬಳಿ ಇಡುತ್ತಾರೆ. ಅದರಲ್ಲಿ ಟೊಮ್ಯಾಟೊ ಕೊಳ್ಳಬಹುದು, ಅಂದೇ ಸಾರಿಗೆ ಹಾಕಿದರೆ ನಷ್ಟವಿಲ್ಲ, ಶುಂಠಿಯೂ ಆದೀತು. ಸೊಪ್ಪಿನ ಚೀಲವನ್ನು ಮಾತ್ರ ಎಷ್ಟು ಅಗ್ಗವಾದರೂ ಮುಟ್ಟಬೇಡಿ, ಹೊರಗಿನ ನಾಲ್ಕು ಎಲೆ ಹಸಿರಾಗಿದ್ದು ನಡುವಿನದು ಕೊಳೆತಿರುತ್ತದೆ.