ಹಿತ್ತಲಿನಿಂದ ನೀಹಾರಿಕೆಗಳ ಛಾಯಾಗ್ರಹಣ: ಸ್ಕೈವಾಚರ್ 130ಪಿಡಿಎಸ್ ದೂರದರ್ಶಕದ ವಿಮರ್ಶೆ

ಮಸುಕಾದ ನೀಹಾರಿಕೆಗಳನ್ನು, ಅಂದರೆ ನಕ್ಷತ್ರಗಳ ನಡುವಿನ ಅನಿಲ-ಧೂಳಿನ ಮೋಡಗಳನ್ನು, ಮನೆಯ ಹಿತ್ತಲಿನಿಂದಲೇ ಚಿತ್ರಿಸಬೇಕೆನ್ನುವವರಿಗೆ ಸ್ಕೈವಾಚರ್ 130ಪಿಡಿಎಸ್ ಎಂಬ ಪ್ರತಿಫಲಕ ದೂರದರ್ಶಕವನ್ನು ನಾನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ಅದಕ್ಕೆ ಎರಡು ಷರತ್ತುಗಳಿವೆ. ಕನ್ನಡಿಗಳನ್ನು ಆಗಾಗ ಸರಿಹೊಂದಿಸುವ ಕೆಲಸವನ್ನು ಬೇಸರಿಸದೆ ಮಾಡುವ ಮನಸ್ಸಿರಬೇಕು, ಮತ್ತು ಕೈಯಲ್ಲಿರುವ ಹಣದ ದೊಡ್ಡ ಪಾಲನ್ನು ದೂರದರ್ಶಕಕ್ಕಲ್ಲದೆ ಅದನ್ನು ಹೊತ್ತು ಆಕಾಶದ ಚಲನೆಗೆ ತಕ್ಕಂತೆ ತಿರುಗಿಸುವ ಮೌಂಟಿಗೆ ತೆಗೆದಿಡಬೇಕು. ಮೈಸೂರಿನ ಹೊರವಲಯದ ಬಡಾವಣೆಯೊಂದರಲ್ಲಿ, ಬೀದಿದೀಪಗಳ ನಡುವೆಯೇ ಇದನ್ನು ಬಳಸುತ್ತ ಬಂದ ಅನುಭವದಿಂದ ಈ ಮಾತು ಹೇಳುತ್ತಿದ್ದೇನೆ.

ಇದರ ಪ್ರಧಾನ ಕನ್ನಡಿಯ ವ್ಯಾಸ 130 ಮಿಲಿಮೀಟರ್, ಫೋಕಲ್ ದೂರ (ಕನ್ನಡಿಯಿಂದ ಬಿಂಬ ಮೂಡುವ ಜಾಗದವರೆಗಿನ ದೂರ) 650 ಮಿಲಿಮೀಟರ್. ಅಂದರೆ ಇವೆರಡರ ಅನುಪಾತ ಎಫ್/5. ನಕ್ಷತ್ರದಂಥ ಬಿಂದುವಿಗಿಂತ ಭಿನ್ನವಾಗಿ ಹರಡಿಕೊಂಡಿರುವ ನೀಹಾರಿಕೆಯ ಬೆಳಕು ಸೆನ್ಸರ್ ಮೇಲೆ ಎಷ್ಟು ದಟ್ಟವಾಗಿ ಬೀಳುತ್ತದೆ ಎಂಬುದನ್ನು ಮುಖ್ಯವಾಗಿ ಈ ಅನುಪಾತವೇ ನಿರ್ಧರಿಸುವುದರಿಂದ, ಎಫ್/10ರ ದೊಡ್ಡ ಉಪಕರಣಕ್ಕಿಂತ ಈ ಸಣ್ಣ ನಳಿಗೆ ನಮ್ಮ ಉದ್ದೇಶಕ್ಕೆ ಹೆಚ್ಚು ಹೊಂದುತ್ತದೆ. ಕಣ್ಣಿಟ್ಟು ನೋಡುವುದಕ್ಕೆಂದೇ ಮಾಡಿದ ಅನೇಕ ನ್ಯೂಟೋನಿಯನ್ (ಇದೇ ಬಗೆಯ, ಎರಡು ಕನ್ನಡಿಗಳ) ದೂರದರ್ಶಕಗಳಲ್ಲಿ ಬಿಂಬ ಕ್ಯಾಮೆರಾದ ಸೆನ್ಸರಿನವರೆಗೆ ತಲುಪುವುದೇ ಇಲ್ಲ. ಇಲ್ಲಿ ಪ್ರಧಾನ ಕನ್ನಡಿಯನ್ನು ನಳಿಗೆಯಲ್ಲಿ ಮುಂದಕ್ಕೆ ಕೂರಿಸಿರುವುದರಿಂದ ಆ ತೊಡಕಿಲ್ಲ. ಬಿಂಬವನ್ನು ಸ್ಪಷ್ಟಗೊಳಿಸುವ ಎರಡಂಗುಲದ ಫೋಕಸರಿನಲ್ಲಿ ಹತ್ತಕ್ಕೊಂದು ವೇಗದಲ್ಲಿ ತಿರುಗುವ ಸೂಕ್ಷ್ಮ ತಿರುಪೂ ಇದೆ.

ಪರವಲಯಾಕಾರದ ಕನ್ನಡಿಯ ಸಹಜ ದೋಷವಾದ ಕೋಮಾದಿಂದ ಚಿತ್ರದ ಅಂಚಿನ ನಕ್ಷತ್ರಗಳು ಬಾಲ ಮೂಡಿದಂತೆ ಕಾಣುತ್ತವೆ. ಇದೇ ಕಂಪನಿಯ 0.9 ಪಟ್ಟಿನ ಕೋಮಾ ಕರೆಕ್ಟರ್ ಎಂಬ ಮಸೂರ ಜೋಡಣೆಯನ್ನು ಅಳವಡಿಸಿದರೆ ಆ ದೋಷ ಬಹುಮಟ್ಟಿಗೆ ತಗ್ಗುತ್ತದೆ; ಜೊತೆಗೆ ಫೋಕಲ್ ದೂರ 585 ಮಿಲಿಮೀಟರಿಗೆ, ಅನುಪಾತ ಎಫ್/4.5ಕ್ಕೆ ಇಳಿಯುತ್ತದೆ. ಆಗ ಅನೇಕ ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಗಾತ್ರದ ಸೆನ್ಸರಿನಲ್ಲಿ ಆಕಾಶದ ಸುಮಾರು 2.3 ಡಿಗ್ರಿ ಅಗಲ, 1.5 ಡಿಗ್ರಿ ಎತ್ತರದ ತುಂಡು ಸಿಗುತ್ತದೆ. ಹುಣ್ಣಿಮೆಯ ಚಂದ್ರನ ಎರಡೂವರೆ ಪಟ್ಟು ಅಗಲವಿರುವ ರೋಸೆಟ್ ನೀಹಾರಿಕೆ ಅದರಲ್ಲಿ ನೆಮ್ಮದಿಯಾಗಿ ಕೂರುತ್ತದೆ. ಕ್ಯಾಲಿಫೋರ್ನಿಯಾ ನೀಹಾರಿಕೆ ಮಾತ್ರ ಒಂದೇ ಚೌಕಟ್ಟಿನಲ್ಲಿ ಹಿಡಿಯದು.

ಬೆಳಕು ತುಂಬಿದ ಬಡಾವಣೆಯಿಂದ ಇಷ್ಟನ್ನು ಸಾಧ್ಯವಾಗಿಸುವುದು ಜೋಡಿ-ಪಟ್ಟಿಯ ಫಿಲ್ಟರ್. ಹೊಳೆಯುವ ನೀಹಾರಿಕೆಗಳ ಬೆಳಕಿನ ಹೆಚ್ಚಿನ ಪಾಲು ಜಲಜನಕದ 656.3 ನ್ಯಾನೋಮೀಟರ್ ಮತ್ತು ಆಮ್ಲಜನಕದ 500.7 ನ್ಯಾನೋಮೀಟರ್ ಆಸುಪಾಸಿನಲ್ಲೇ ಬರುತ್ತದೆ. ಆ ಎರಡು ಕಿಂಡಿಗಳನ್ನು ಮಾತ್ರ ತೆರೆದಿಟ್ಟರೆ ಎಲ್‌ಇಡಿ ದೀಪಗಳ ಬೆಳಕಿನ ಬಹುಭಾಗ ಹೊರಗುಳಿಯುತ್ತದೆ. 1888ರಲ್ಲಿ ಹಾರ್ವರ್ಡ್ ವೀಕ್ಷಣಾಲಯದ ಛಾಯಾಫಲಕವೊಂದರಲ್ಲಿ ವಿಲಿಯಮಿನಾ ಫ್ಲೆಮಿಂಗ್ ಗುರುತಿಸಿದ ಕುದುರೆ ತಲೆಯ ನೀಹಾರಿಕೆ, ದೊಡ್ಡ ದೂರದರ್ಶಕದಲ್ಲೂ ಕಣ್ಣಿಗೆ ಸುಲಭವಾಗಿ ದಕ್ಕುವುದಿಲ್ಲ. ಅಂಥದ್ದು ನಮ್ಮ ಹಿತ್ತಲಿನಲ್ಲಿ ಐದು ನಿಮಿಷದ ಒಂದೇ ಎಕ್ಸ್‌ಪೋಶರಿನಲ್ಲಿ ಕೆಂಪು ಹಿನ್ನೆಲೆಯ ಮೇಲೆ ಕಪ್ಪಗೆ ಎದ್ದು ನಿಲ್ಲುವುದನ್ನು ಕಂಡಾಗ ಆಗುವ ಸಂತೋಷಕ್ಕೆ ಈ ಹವ್ಯಾಸದಲ್ಲಿ ಸಾಟಿಯಿಲ್ಲ. ಕೃತ್ತಿಕೆಯ ಸುತ್ತಲಿನ ನೀಲಿ ಧೂಳು ಮಾತ್ರ ನಕ್ಷತ್ರಗಳ ಬೆಳಕನ್ನೇ ಪ್ರತಿಫಲಿಸುವಂಥದ್ದು. ಅದಕ್ಕೆ ಈ ಫಿಲ್ಟರ್ ಉಪಯೋಗವಿಲ್ಲ, ಕತ್ತಲೆಯ ಊರನ್ನೇ ಹುಡುಕಿಕೊಂಡು ಹೋಗಬೇಕು.

ವಿನ್ಯಾಸದಲ್ಲಿ ಕೆಲವು ರಾಜಿಗಳಿವೆ. ಪ್ರಕಾಶಮಾನ ನಕ್ಷತ್ರಗಳಿಗೆ ನಾಲ್ಕು ಕಿರಣಗಳು ಮೂಡುತ್ತವೆ. ಚಿಕ್ಕ ಕನ್ನಡಿಯನ್ನು ಹಿಡಿದಿರುವ ನಾಲ್ಕು ತೆಳು ಪಟ್ಟಿಗಳೇ ಅದಕ್ಕೆ ಕಾರಣ, ನನಗಂತೂ ಅವು ಇಷ್ಟ. ಫೋಕಸರಿನ ಕೊಳವೆ ಪೂರ್ತಿ ಒಳಗೆ ಸರಿದಾಗ ಅದರ ತುದಿ ಬೆಳಕಿನ ದಾರಿಗೆ ಅಡ್ಡ ಬಂದು ನಕ್ಷತ್ರಗಳ ಅಂಚನ್ನು ಕತ್ತರಿಸಿದಂತೆ ಮಾಡುವುದು ಇದಕ್ಕಿಂತ ಗಂಭೀರವಾದದ್ದು. ನಳಿಗೆಯ ಹಿಂಬದಿಯಿಂದ ನೆರೆಮನೆಯ ದೀಪದ ಬೆಳಕು ನುಸುಳದಂತೆ ಕಪ್ಪು ಬಟ್ಟೆ ಕಟ್ಟುವುದು ಒಳ್ಳೆಯದು. ಎಫ್/4.5ರಲ್ಲಿ ಕನ್ನಡಿಗಳ ಹೊಂದಾಣಿಕೆ ತುಸು ತಪ್ಪಿದರೂ ಚಿತ್ರದ ಒಂದು ಮೂಲೆ ಹಾಳಾಗುತ್ತದೆ, ಆದ್ದರಿಂದ ಪ್ರತಿ ರಾತ್ರಿಯ ಕೆಲಸ ಈ ಹೊಂದಾಣಿಕೆಯ, ಅಂದರೆ ಕಾಲಿಮೇಷನ್‌ನ, ಪರೀಕ್ಷೆಯಿಂದಲೇ ಶುರುವಾಗಬೇಕು.

ಮೌಂಟಿನ ವಿಚಾರದಲ್ಲಿ ಕರ್ನಾಟಕದವರಿಗೆ ಬೇರೆಯದೇ ಕಷ್ಟವಿದೆ, ಯುರೋಪು ಅಮೆರಿಕದವರು ಬರೆದ ವಿಮರ್ಶೆಗಳಲ್ಲಿ ಅದರ ಪ್ರಸ್ತಾಪ ಕಾಣುವುದು ಅಪರೂಪ. ಆಕಾಶದ ಚಲನೆಯನ್ನು ಅನುಸರಿಸಲು ಮೌಂಟಿನ ಅಕ್ಷವನ್ನು ಧ್ರುವ ನಕ್ಷತ್ರದತ್ತ ಗುರಿಯಿಡಬೇಕು, ಆದರೆ ಮೈಸೂರಿನಿಂದ ಅದು ದಿಗಂತದಿಂದ ಸುಮಾರು 12 ಡಿಗ್ರಿಯಷ್ಟೇ ಮೇಲಿರುತ್ತದೆ. ಉತ್ತರಕ್ಕೊಂದು ತೆಂಗಿನ ಮರವೋ ಎರಡಂತಸ್ತಿನ ಮನೆಯೋ ಇದ್ದರೆ ಮುಗಿಯಿತು, ಅದು ಕಾಣುವುದೇ ಇಲ್ಲ. ಮೌಂಟಿನ ಅಕ್ಷ ಬಹುತೇಕ ಮಲಗಿದಂತಿರುವುದರಿಂದ, ಎಚ್‌ಇಕ್ಯೂ5 ಮಾದರಿಯ ಮೌಂಟುಗಳಲ್ಲಿ ಸಮತೋಲದ ತೂಕಗಳು ಮುಕ್ಕಾಲಿಯ ಕಾಲಿಗೆ ತಾಗುವ ಸಂಭವವೂ ಇದೆ. ಮೊದಲ ಕಷ್ಟಕ್ಕೆ ಉಚಿತ ತಂತ್ರಾಂಶವಾದ ನೀನಾದಲ್ಲಿ ಪರಿಹಾರವಿದೆ: ಆಕಾಶದ ಯಾವುದೇ ಭಾಗದ ಮೂರು ಚಿತ್ರಗಳಿಂದ ಧ್ರುವದ ದಿಕ್ಕನ್ನು ಲೆಕ್ಕ ಹಾಕುವ ಪ್ಲಗಿನ್ ಅದಕ್ಕೆ ಲಭ್ಯ. ಎರಡನೆಯದಕ್ಕೆ ಮುಕ್ಕಾಲಿಯ ಮೇಲೆ ಒಂದು ಗೇಣಿನಷ್ಟು ಕಂಬ ಜೋಡಿಸಿ ಮೌಂಟನ್ನು ಎತ್ತರಿಸಿದರೆ ಸಾಕು. ನಾಲ್ಕು ಕಿಲೋ ಆಸುಪಾಸಿನ ಈ ನಳಿಗೆಯನ್ನು ಎಚ್‌ಇಕ್ಯೂ5 ಕ್ಯಾಮೆರಾ ಸಮೇತ ಸಲೀಸಾಗಿ ಹೊರುತ್ತದೆ.

ಇದೇ ಅಕ್ಷಾಂಶ ಕೊಡುವ ವರವೂ ಸಣ್ಣದಲ್ಲ. ಚಳಿಗಾಲದಲ್ಲಿ ಮಹಾವ್ಯಾಧನೂ (ಓರಿಯನ್) ರೋಸೆಟ್ಟೂ ಗಾಳಿಯ ಮಬ್ಬಿನಿಂದ ದೂರ, ಬಹುತೇಕ ನೆತ್ತಿಯ ಮೇಲೆ ಹಾಯುತ್ತವೆ. ಲಂಡನ್ನಿನವರಿಗೆ ಎಂದೂ ಉದಯಿಸದ ಕ್ಯಾರಿನಾ ನೀಹಾರಿಕೆ ಏಪ್ರಿಲ್ ಆರಂಭದ ರಾತ್ರಿಗಳಲ್ಲಿ ನಮ್ಮ ದಕ್ಷಿಣ ದಿಗಂತದಿಂದ 18 ಡಿಗ್ರಿ ಎತ್ತರಕ್ಕೆ ಬರುತ್ತದೆ.

ಮಳೆಗಾಲದಲ್ಲಿ ಕನ್ನಡಿಗೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಜೊತೆ ಮುಚ್ಚಿಡಬೇಕು. ಸಂಜೆ ಹೊರಗಿಟ್ಟು ಕೂಡಲೇ ಚಿತ್ರ ಬೇಕೆನ್ನುವವರು, ಕಾಲಿಮೇಷನ್ ಒಲ್ಲದವರು ಸಣ್ಣ ಮಸೂರದ ದೂರದರ್ಶಕ ಕೊಳ್ಳಲಿ. ಉಳಿದವರು ಮೊದಲು ಮೌಂಟ್, ಆಮೇಲೆ ಈ ನಳಿಗೆ, ಅದರೊಂದಿಗೇ ಕೋಮಾ ಕರೆಕ್ಟರ್ ಎಂಬ ಕ್ರಮದಲ್ಲಿ ಖರೀದಿಸುವುದು ಸೂಕ್ತ. ಫಿಲ್ಟರ್ ಮುಂದಿನ ಚಳಿಗಾಲದವರೆಗೆ ಕಾಯಬಹುದು. ಅಷ್ಟರವರೆಗೆ ಮಹಾವ್ಯಾಧನ ಪ್ರಕಾಶಮಾನ ನೀಹಾರಿಕೆ ಫಿಲ್ಟರ್ ಇಲ್ಲದೆಯೂ ಚೆನ್ನಾಗಿಯೇ ಬರುತ್ತದೆ.